ನಡುಗಡಲಿನ ಸರಬರಾಜು: ಹಗ್ಗ ಮತ್ತು ಪೆಟ್ಟಿಗೆಯ ಚರಿತ್ರೆ

ತಿಪಟೂರು ಸೀಮೆಯ ಅರಳಗುಪ್ಪೆಗೂ ಕಡಲಿಗೂ ಬಲು ದೂರ. ಆದರೂ ಅಲ್ಲಿನ ಕಲ್ಲೇಶ್ವರ ಗುಡಿಯ ಚಾವಣಿಯಲ್ಲಿ, 9ನೇ ಶತಮಾನದ ನೊಳಂಬರ ಕಾಲದ ಶಿಲ್ಪಿಗಳು ಕುಣಿಯುವ ಶಿವನ ಸುತ್ತ ಕಡೆದ ಅಷ್ಟದಿಕ್ಪಾಲಕರಲ್ಲಿ ನೀರಿನ ಒಡೆಯ ವರುಣನೂ ಇದ್ದಾನೆ. ಸುತ್ತಲಿನ ತೋಟಗಳಲ್ಲಿ ಇನ್ನೊಂದು ನಂಟಿದೆ: ತೆಂಗಿನ ನಾರು. ಉಪ್ಪುನೀರಿಗೆ ಜಗ್ಗದ ಈ ನಾರಿನ ಹುರಿಯಿಂದಲೇ ಅರಬ್ಬಿ ಸಮುದ್ರದ ಹಳೆಯ ಹಡಗುಗಳ ಹಲಗೆ ಹೊಲಿಯುತ್ತಿದ್ದರು.

ನಡುಗಡಲಲ್ಲಿ ಹಡಗಿನಿಂದ ಹಡಗಿಗೆ ಸಾಮಾನು ದಾಟಿಸುವ ಚರಿತ್ರೆಯೂ ಬಹುಪಾಲು ಹಗ್ಗದ್ದೇ. 1917ರಲ್ಲಿ ಅಮೆರಿಕದ 'ಮಾಮೀ' ಹಡಗು ಐರ್ಲೆಂಡಿನತ್ತ ಹೊರಟ ಯುದ್ಧನೌಕೆಗಳಿಗೆ ಅಟ್ಲಾಂಟಿಕ್ ನಡುವೆ ಎಣ್ಣೆ ತುಂಬಿತು. ಮುಂದೆ ಅಡ್ಮಿರಲ್ ಆದ ಚೆಸ್ಟರ್ ನಿಮಿಟ್ಜ್ ಆಗ ಅದರಲ್ಲಿದ್ದ ಅಧಿಕಾರಿ. ಇಂದು ರೂಢಿಯಲ್ಲಿರುವ ಕ್ರಮದಲ್ಲಿ ಎರಡು ಹಡಗುಗಳು ಕೆಲವೇ ಹತ್ತು ಮೀಟರ್ ಅಂತರದಲ್ಲಿ, ಒಂದೇ ವೇಗದಲ್ಲಿ ಸಾಗುತ್ತವೆ. ಬಂದೂಕಿನಿಂದ ಹಾರಿಸಿದ ತೆಳು ದಾರ ಹಗ್ಗವನ್ನು ಎಳೆದು ತರುತ್ತದೆ, ಹಗ್ಗ ಉಕ್ಕಿನ ತಂತಿಯನ್ನು. ಆ ತಂತಿಗೆ ಎಣ್ಣೆಯ ಕೊಳವೆಯನ್ನೋ ಸಾಮಾನಿನ ಹೊರೆಯನ್ನೋ ತೂಗುಬಿಡುತ್ತಾರೆ.

ಇನ್ನು ಪೆಟ್ಟಿಗೆಯ ಕತೆ. 1956ರ ಏಪ್ರಿಲ್ 26ರಂದು ಅಮೆರಿಕದ ಸಾಗಣೆ ಉದ್ಯಮಿ ಮಾಲ್ಕಂ ಮೆಕ್‌ಲೀನ್‌ನ 'ಐಡಿಯಲ್ ಎಕ್ಸ್' ಹಡಗು 58 ಕಂಟೇನರ್ ಹೊತ್ತು ನೆವಾರ್ಕ್ ಬಂದರು ಬಿಟ್ಟಿತು. ಅಲ್ಲಿಯವರೆಗೆ ಬಂದರಿನ ಕೆಲಸವೂ ಕೊಬ್ಬರಿ ಮಂಡಿಯ ಕೆಲಸದಂತೆಯೇ, ಒಂದೊಂದು ಚೀಲವೂ ಹಮಾಲರ ಬೆನ್ನೇರಬೇಕಿತ್ತು. ಕಂಟೇನರ್ ಬಂದರನ್ನು ಗೆದ್ದಿತು, ನಡುಗಡಲಲ್ಲಿ ಸೋತಿತು. ತುಂಬಿದ 20 ಅಡಿ ಪೆಟ್ಟಿಗೆಯ ತೂಕ 20 ಟನ್ ದಾಟಬಹುದು, ಮಾಮೂಲಿ ತಂತಿ ಹೊರುವುದು 2 ಟನ್ನಿನ ಆಸುಪಾಸು. ಹಾಗಾಗಿ ಪೆಟ್ಟಿಗೆ ತೆರೆದು ಸಾಮಾನನ್ನು ಬಿಡಿಬಿಡಿಯಾಗಿಯೇ ಕಳಿಸಬೇಕು.

ಸಾಮಾನಿನ ಬದಲು ಸಲಕರಣೆಯನ್ನೇ ಕಂಟೇನರ್ ಅಳತೆಗೆ ತಂದರೆ? ಅಮೆರಿಕದ 'ಅರಪಾಹೋ' ಯೋಜನೆ ಹೊರಟಿದ್ದು ಈ ದಾರಿಯಲ್ಲಿ. ಹೆಲಿಕಾಪ್ಟರ್‌ಗೆ ಬೇಕಾದ ಇಡೀ ವ್ಯವಸ್ಥೆಯನ್ನು ವ್ಯಾಪಾರಿ ಹಡಗಿನ ಮೇಲೆ ಜೋಡಿಸುವುದು ಅದರ ಗುರಿ. ಫಾಕ್‌ಲ್ಯಾಂಡ್ ಯುದ್ಧದ ಬಳಿಕ ಬ್ರಿಟನ್ ಅದನ್ನು 'ಆಸ್ಟ್ರಾನಮರ್' ಎಂಬ ಕಂಟೇನರ್ ಹಡಗಿಗೆ ಅಳವಡಿಸಿ 'ರಿಲಯಂಟ್' ಎಂದು ಹೆಸರಿಟ್ಟಿತು. 1984ರಲ್ಲಿ ಅದು ಲೆಬನಾನಿನ ಕರಾವಳಿಯಲ್ಲಿತ್ತು. 1986ಕ್ಕೆ ಸೇವೆಯಿಂದಲೇ ಹೊರಬಿತ್ತು. ಉಪಾಯ ಜಾಣತನದ್ದೇ, ಆದರೆ ತಾತ್ಕಾಲಿಕ ಜೋಡಣೆ ಯುದ್ಧನೌಕೆಗೆ ಸಾಟಿಯಾಗಲಿಲ್ಲ. ಇದೇ ಯೋಚನೆಯಲ್ಲಿ ಅಮೆರಿಕ ತಂತಿ, ವಿಂಚ್, ಕಂಬಗಳ ಜೋಡಿಸಬಲ್ಲ ಘಟಕಗಳನ್ನೂ ವ್ಯಾಪಾರಿ ಹಡಗುಗಳಿಗಾಗಿ ರೂಪಿಸಿತು.

ಭಾರತ ಹೆಚ್ಚಾಗಿ ನೆಚ್ಚಿದ್ದು ನಡುಗಡಲ ಸರಬರಾಜಿಗೆಂದೇ ಕಟ್ಟಿದ ಟ್ಯಾಂಕರ್‌ಗಳನ್ನು. 2013ರ ನವೆಂಬರಿನಲ್ಲಿ ರಷ್ಯಾದ ಸೆವೆರೊಡ್ವಿನ್‌ಸ್ಕ್ ಬಿಟ್ಟ ವಿಮಾನವಾಹಕ 'ವಿಕ್ರಮಾದಿತ್ಯ' 2014ರ ಜನವರಿಯಲ್ಲಿ ಕಾರವಾರ ಮುಟ್ಟುವಾಗ, ಇಟಲಿಯಲ್ಲಿ ಕಟ್ಟಿದ ಟ್ಯಾಂಕರ್ 'ದೀಪಕ್' ಆ ಯಾನದ ಜೊತೆಗಾರನಾಗಿತ್ತು.

ಕನ್ನಡ ನಾಡಿನ ಕೈಯೂ ಸೇರಿದ ಪ್ರಯೋಗ ಇನ್ನೊಂದಿದೆ. 2023ರ ಏಪ್ರಿಲ್ 27ರಂದು ಗೋವಾ ಕರಾವಳಿಯಾಚೆ ಐಎಲ್-38 ವಿಮಾನದಿಂದ 'ಎಡಿಸಿ-150' ಎಂಬ ಪೆಟ್ಟಿಗೆಯನ್ನು ಮೊದಲ ಬಾರಿ ಸಮುದ್ರಕ್ಕೆ ಇಳಿಬಿಟ್ಟರು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಶಾಖಪಟ್ಟಣ ಮತ್ತು ಆಗ್ರಾ ಪ್ರಯೋಗಾಲಯಗಳ ಜೊತೆ ಅದರದೇ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎಡಿಇ ಇದನ್ನು ರೂಪಿಸಿದೆ. ತೀರದಿಂದ 2,000 ಕಿ.ಮೀ. ಆಚೆಯಿರುವ ಹಡಗಿನ ಯಂತ್ರ ಕೆಟ್ಟರೆ ಬಿಡಿಭಾಗಕ್ಕಾಗಿ ಅದು ದಡದತ್ತ ಬರಬೇಕಿಲ್ಲ, ಈ ಪೆಟ್ಟಿಗೆಯೇ ಅದನ್ನು ತಲುಪಿಸಲಿ ಎಂಬುದು ಗುರಿ. ಹೊರೆಯ ಮಿತಿ 150 ಕಿಲೋ, ಎಣ್ಣೆಗಂತೂ ಟ್ಯಾಂಕರ್ ಪಕ್ಕಕ್ಕೆ ಬರಲೇಬೇಕು.