ಪ್ರಜಾಪ್ರತಿನಿಧಿ ಸಭೆಯಿಂದ ವಿಧಾನಸಭೆಗೆ: ಮಧುಗಿರಿ ಸೀಮೆಯ ನಾಲ್ಕು ತಾಲೂಕುಗಳು

ತುಮಕೂರು ಜಿಲ್ಲೆಯ ಉತ್ತರಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲೂಕುಗಳು ಒಂದೇ ಕಂದಾಯ ಉಪವಿಭಾಗಕ್ಕೆ ಸೇರಿದವು. ಮಳೆ ಕಡಮೆಯಾದ, ಕೆರೆಯನ್ನೇ ನಂಬಿದ ಬಯಲುಸೀಮೆಯಿದು. ಆದರೂ ಇವುಗಳ ಪೂರ್ವಚರಿತ್ರೆಯು ಒಂದೇ ತೆರನಾದುದಲ್ಲ. ಮಧುಗಿರಿಯನ್ನು ಹಿಂದಿನ ಕಾಗದಪತ್ರಗಳಲ್ಲಿ ಮದ್ದಗಿರಿಯೆಂದು ಬರೆಯುತ್ತಿದ್ದರು. ಕೊರಟಗೆರೆಯು 19ನೆಯ ಶತಮಾನದ ಕೊನೆಯಲ್ಲಿ ಅದರ ಅಧೀನದ ಉಪತಾಲೂಕಾಗಿತ್ತು. ಪಾವಗಡವು ಮೊದಲು ಚಿತ್ರದುರ್ಗದ ಜಿಲ್ಲೆಯಲ್ಲಿದ್ದು ಬಳಿಕ ತುಮಕೂರಿಗೆ ಬಂದು ಸೇರಿದುದು. ಈಗಲೂ ಮಧುಗಿರಿಯಿಂದ ನೇರವಾಗಿ ಅಲ್ಲಿಗೆ ಹೋಗುವವರು ನಡುವೆ ಆಂಧ್ರದ ಮಡಕಶಿರಾ ಸೀಮೆಯನ್ನು ಹಾದುಹೋಗಬೇಕು. ಶಿರಾ ಪಟ್ಟಣವಾದರೋ 1687ರಲ್ಲಿ ಮೊಗಲರ ವಶವಾಗಿ ಒಂದು ಸುಬಾದ ರಾಜಧಾನಿಯಾಯಿತು. 1761ರಲ್ಲಿ ಹೈದರಾಲಿಯು ಶಿರಾದ ನವಾಬನೆನಿಸಿಕೊಂಡನು.

ಪಾಳೆಯಗಾರರು, ಸುಬೇದಾರರು, ನವಾಬರು, ಕಮಿಷನರ್ ಸಾಹೇಬರು, ಹೀಗೆ ಒಬ್ಬರಾದ ಮೇಲೊಬ್ಬರು ಈ ನೆಲದಿಂದ ಕಂದಾಯವನ್ನು ತೆಗೆದುಕೊಂಡರು. ಕೆಲವರು ಕೆರೆಕಟ್ಟೆಗಳನ್ನು ಕಟ್ಟಿಸಿದರು. ಕೆಲವರು ಕೋಟೆಗಳನ್ನು ಕಟ್ಟಿಸಿದರು. ಆದರೆ ಕಂದಾಯ ಕೊಟ್ಟ ರೈತನು ಅದರ ಲೆಕ್ಕವನ್ನು ಕೇಳುವುದಕ್ಕೆ ಒಂದು ಸ್ಥಾನವೆಂಬುದು ಇರಲಿಲ್ಲ. ಅಂತಹ ಸ್ಥಾನವು ಹೇಗೆ ಉಂಟಾಯಿತು, ಅದರ ಇಂದಿನ ರಚನೆ ಎಂತಹುದು, ಅಲ್ಲಿಗೆ ಹೋಗತಕ್ಕವರನ್ನು ಆರಿಸುವ ಕ್ರಮವೇನು ಎಂಬುದನ್ನು ಈ ನಾಲ್ಕು ತಾಲೂಕುಗಳ ವಾಚಕರು ತಿಳಿದಿರುವುದು ಅವಶ್ಯಕವು.

ಮೊದಲು 'ಪ್ರತಿನಿಧಿ' ಎಂಬ ಶಬ್ದವನ್ನು ವಿಚಾರಿಸಬೇಕು. ಇದು ರಾಜ್ಯಶಾಸ್ತ್ರಕ್ಕೆ ಬರುವ ಮುಂಚೆ ಯಜ್ಞಶಾಸ್ತ್ರದ ಶಬ್ದವಾಗಿದ್ದಿತು. ಯಾಗಕ್ಕೆ ವಿಧಿಸಿದ ವ್ರೀಹಿಯು ದೊರೆಯದಿದ್ದರೆ ಅದಕ್ಕೆ ಸದೃಶವಾದ ನೀವಾರವನ್ನು ಪ್ರತಿನಿಧಿಯಾಗಿ ತೆಗೆದುಕೊಳ್ಳಬಹುದೆಂದು ಪೂರ್ವಮೀಮಾಂಸಕರು ನಿರ್ಣಯಿಸಿದ್ದಾರೆ. ಸಾದೃಶ್ಯವಿಲ್ಲದ ವಸ್ತುವು ಪ್ರತಿನಿಧಿಯಾಗಲಾರದು. ಇನ್ನೊಂದು ನಿರ್ಣಯವನ್ನೂ ಅವರು ಮಾಡಿದ್ದಾರೆ: ಯಾಗದ ಸ್ವಾಮಿಯಾದ ಯಜಮಾನನಿಗೆ ಪ್ರತಿನಿಧಿಯಿಲ್ಲ. ಅನೇಕ ಯಜಮಾನರು ಕೂಡಿ ಮಾಡುವ ಸತ್ರದ ಮಾತು ಬೇರೆ; ಉಳಿದೆಡೆಗಳಲ್ಲಿ ದ್ರವ್ಯಕ್ಕೆ ಬದಲು ದ್ರವ್ಯವುಂಟು, ಸ್ವಾಮಿಗೆ ಬದಲು ಸ್ವಾಮಿಯಿಲ್ಲ. ಈ ಎರಡು ಸೂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಮೈಸೂರು ದೇಶದ ಶಾಸನಸಭೆಗಳ ಚರಿತ್ರೆಯೆಲ್ಲವೂ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ: ಸಭೆಯ ಯಜಮಾನನು ಯಾರು?

1881ನೆಯ ಇಸವಿ ಮಾರ್ಚಿ 25ರಂದು ಐವತ್ತು ವರ್ಷಗಳ ಕಮಿಷನರ ಆಳಿಕೆಯು ಮುಗಿದು ಸಂಸ್ಥಾನವು ಚಾಮರಾಜೇಂದ್ರ ಒಡೆಯರ ಕೈಗೆ ಬಂದಿತು. ದಿವಾನ್ ರಂಗಾಚಾರ್ಲು ಅವರು ಅದೇ ವರ್ಷ ಆಗಸ್ಟ್ 25ರ ಆಜ್ಞೆಯಿಂದ ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. ಪ್ರತಿಯೊಂದು ತಾಲೂಕಿನಿಂದ ಒಬ್ಬಿಬ್ಬರು ಸಾಗುವಳಿದಾರರನ್ನೂ ಜಿಲ್ಲೆಗೆ ಮೂರು ನಾಲ್ಕು ಮಂದಿ ಪ್ರಮುಖ ವರ್ತಕರನ್ನೂ ಲೋಕಲ್ ಫಂಡ್ ಬೋರ್ಡುಗಳು ಆರಿಸಿ ಕಳುಹಿಸಬೇಕೆಂದು ಗೊತ್ತಾಯಿತು. ದಸರೆಯ ಸಮಯದಲ್ಲಿ, ಅಕ್ಟೋಬರ್ 7ರಂದು, 144 ಮಂದಿ ಸದಸ್ಯರು ಮೈಸೂರಿನಲ್ಲಿ ಕೂಡಿದರು. ದೇಶೀಯ ಸಂಸ್ಥಾನವೊಂದರಲ್ಲಿ ಇಂತಹ ಸಭೆ ಸೇರಿದ್ದು ಅದೇ ಮೊದಲು. ಸರ್ಕಾರವು ಆ ವರ್ಷ ಮಾಡಿದ ಕೆಲಸವನ್ನು ದಿವಾನರು ವರದಿಯ ರೂಪದಲ್ಲಿ ಓದಿ ಹೇಳಿದರು; ತಾಲೂಕುಗಳಿಂದ ಬಂದವರು ತಮ್ಮ ಕಷ್ಟಸುಖಗಳನ್ನು ಬಿನ್ನವಿಸಿಕೊಂಡರು.

ಈ ಸಭೆಯ ಗುಣವನ್ನೂ ಮಿತಿಯನ್ನೂ ಒಟ್ಟಿಗೆ ನೋಡಬೇಕು. ದೂರದ ತಾಲೂಕಿನ ರೈತನೊಬ್ಬನು ದಿವಾನರ ಎದುರಿನಲ್ಲಿ ನಿಂತು ಮಾತನಾಡಿದ್ದು ಅಲ್ಪವಾದ ವಿಷಯವಲ್ಲ. ಆದರೆ ಆತನನ್ನು ಕಳುಹಿಸಿದ್ದು ಊರಿನ ಜನವಲ್ಲ, ಬೋರ್ಡು. ಆತನಿಗಿದ್ದುದು ಬಿನ್ನಹ ಮಾಡುವ ಅವಕಾಶ. ಕಾಯಿದೆಯನ್ನು ಮಾಡುವ ಅಧಿಕಾರವಲ್ಲ, ಹಣವನ್ನು ತಡೆಯುವ ಅಧಿಕಾರವಲ್ಲ. ಸಭೆಯ ಯಜಮಾನರು ಮಹಾರಾಜರೇ ಆಗಿದ್ದರು.

1883ರ ಆರಂಭದಲ್ಲಿ ರಂಗಾಚಾರ್ಲು ಅವರು ತೀರಿಕೊಂಡ ಮೇಲೆ ದಿವಾನರಾದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಚುನಾವಣೆಯ ಪದ್ಧತಿಯು ಬಂದಿತು. 1891ರಿಂದ ಸದಸ್ಯರನ್ನು ಮತದಿಂದ ಆರಿಸತೊಡಗಿದರು. ಆದರೆ ಮತವು ಎಲ್ಲರಿಗೂ ಇರಲಿಲ್ಲ. ಗೊತ್ತಾದ ಮೊತ್ತಕ್ಕೆ ಕಡಮೆಯಿಲ್ಲದಂತೆ ಕಂದಾಯವನ್ನೋ ಮೊಹತರ್ಫಾ ತೆರಿಗೆಯನ್ನೋ ಕೊಡುವವರು ಮತ್ತು ವಿಶ್ವವಿದ್ಯಾನಿಲಯದ ಪದವೀಧರರು ಮಾತ್ರ ಅದಕ್ಕೆ ಅರ್ಹರು. ಗೇಣಿಗೆ ಉಳುವವನು, ಕೂಲಿಯವನು, ಮಗ್ಗದವನು ಹೊರಗೇ ಉಳಿದರು. ಸ್ತ್ರೀಯರಂತೂ ಲೆಕ್ಕಕ್ಕೇ ಇರಲಿಲ್ಲ. ಯಜಮಾನತ್ವದ ಒಂದು ಪಾಲು ಈಗ ತೆರಿಗೆದಾರನಿಗೆ ಬಂದಿತು, ಅಷ್ಟೆ.

1907ರಲ್ಲಿ ಕಾಯಿದೆಗಳ ವಿಚಾರಕ್ಕಾಗಿ ನ್ಯಾಯವಿಧಾಯಕ ಸಭೆಯೆಂಬ ಎರಡನೆಯ ಸಭೆಯು ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಸೀಲ್ ಅವರ ಸಮಿತಿಯ ಸಲಹೆಯಂತೆ 1923ರಲ್ಲಿ ಎರಡು ಸಭೆಗಳೂ ಹೊಸ ರೂಪವನ್ನು ತಾಳಿದವು. ಅಲ್ಲಿಯವರೆಗೆ ಆಜ್ಞೆಯ ಮೇಲೆ ನಡೆಯುತ್ತಿದ್ದ ಪ್ರತಿನಿಧಿ ಸಭೆಗೆ ಕಾಯಿದೆಯ ಆಧಾರವು ದೊರೆಯಿತು. ಹೊಸ ತೆರಿಗೆಯನ್ನು ಹಾಕುವ ಮುಂಚೆ ಅದರ ಅಭಿಪ್ರಾಯವನ್ನು ಕೇಳತಕ್ಕದ್ದೆಂದು ನಿಯಮವಾಯಿತು. ಸ್ತ್ರೀಯರಿಗೆ ಇದ್ದ ನಿಷೇಧವು ಹೋಯಿತು. ಆದರೂ ಕೊನೆಯ ಮಾತು ಪ್ರಜೆಗಳದಾಗಲಿಲ್ಲ; ಮಂತ್ರಿಗಳು ಸಭೆಗೆ ಹೊಣೆಗಾರರಾಗಲಿಲ್ಲ.

ಆ ಹೊಣೆಗಾರಿಕೆಯು ಬಂದದ್ದು 1947ರಲ್ಲಿ. ದೇಶವು ಸ್ವತಂತ್ರವಾದ ಮೇಲೂ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿಯು ನಡೆಯಬೇಕಾಯಿತು. ಅಕ್ಟೋಬರ್ ತಿಂಗಳಿನಲ್ಲಿ ಒಪ್ಪಂದವಾಗಿ ಕೆ. ಚೆಂಗಲರಾಯರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. 1949ನೆಯ ಇಸವಿ ಡಿಸೆಂಬರ್ 16ರಂದು ಹಳೆಯ ಎರಡು ಸಭೆಗಳೂ ಮುಗಿದವು. 1950ರ ಜನವರಿ 26ರಂದು ಭಾರತದ ಸಂವಿಧಾನವು ಜಾರಿಗೆ ಬಂದಿತು. ಅದರ 326ನೆಯ ಅನುಚ್ಛೇದವು ಕಂದಾಯದ ರಸೀದಿಯನ್ನು ಕೇಳಲಿಲ್ಲ, ಪದವಿಯನ್ನು ಕೇಳಲಿಲ್ಲ, ಜಾತಿಯನ್ನಾಗಲಿ ಲಿಂಗವನ್ನಾಗಲಿ ಕೇಳಲಿಲ್ಲ, ವಯಸ್ಸೊಂದನ್ನೇ ಕೇಳಿತು. ಆಗ ಅದು 21 ವರ್ಷ. 1989ರಿಂದ 18 ವರ್ಷ. ಅರವತ್ತೆಂಟು ವರ್ಷಗಳ ಕಾಲ ಸ್ವಲ್ಪಸ್ವಲ್ಪವಾಗಿ ಕೈ ಬದಲಾಯಿಸಿದ ಯಜಮಾನತ್ವವು ಇಲ್ಲಿ ಒಮ್ಮೆಗೇ ಎಲ್ಲರಿಗೂ ಸೇರಿತು.

ಮೊದಲನೆಯ ಮಹಾಚುನಾವಣೆಯಾದ ಮೇಲೆ ಮೈಸೂರು ವಿಧಾನಸಭೆಯು 1952ನೆಯ ಇಸವಿ ಜೂನ್ 18ರಂದು ಬೆಂಗಳೂರಿನ ಹಳೆಯ ಅಠಾರಾ ಕಚೇರಿಯಲ್ಲಿ, ಎಂದರೆ ಇಂದಿನ ಉಚ್ಚ ನ್ಯಾಯಾಲಯದ ಕಟ್ಟಡದಲ್ಲಿ, ಕೂಡಿತು. ಚುನಾಯಿತರಾದ ಸದಸ್ಯರು 99 ಮಂದಿ. ಸಭಾಧ್ಯಕ್ಷರ ಆಯ್ಕೆಗೇ ಸ್ಪರ್ಧೆ ನಡೆಯಿತು: ಸಮಾಜವಾದಿಗಳಾದ ಶಾಂತವೇರಿ ಗೋಪಾಲಗೌಡರು ನಿಂತರು, ಎಚ್. ಸಿದ್ಧಯ್ಯನವರು ಗೆದ್ದರು. ಕೆ. ಹನುಮಂತಯ್ಯನವರು ಆಗ ಮುಖ್ಯಮಂತ್ರಿಗಳು. 1956ರ ಏಕೀಕರಣದಿಂದ ನಾಡು ವಿಸ್ತಾರವಾಯಿತು. ಸದಸ್ಯರ ಸಂಖ್ಯೆಯು 1957ರಲ್ಲಿ 208, 1967ರಲ್ಲಿ 216, 1978ರಲ್ಲಿ 224 ಆಯಿತು. ಇವರಲ್ಲದೆ ಆಂಗ್ಲೋ-ಇಂಡಿಯನ್ ಸಮಾಜದ ಒಬ್ಬರನ್ನು ನಾಮಕರಣ ಮಾಡುವ ಪದ್ಧತಿಯಿದ್ದಿತು. ಅದು 2020ರಲ್ಲಿ ನಿಂತುಹೋಯಿತು.

ಇನ್ನು ಸಭೆಯ ರಚನೆ. ಕರ್ನಾಟಕದ ಶಾಸನಾಂಗಕ್ಕೆ ಎರಡು ಸದನಗಳು. ಕೆಳಮನೆಯೇ ವಿಧಾನಸಭೆ, ಮೇಲ್ಮನೆಯು 75 ಸದಸ್ಯರ ವಿಧಾನಪರಿಷತ್ತು. ಕೆಳಮನೆಯೆಂಬ ಹೆಸರನ್ನು ಕೇಳಿ ಅದನ್ನು ಕಡಮೆಯೆಂದೆಣಿಸಬಾರದು. ಮಂತ್ರಿಮಂಡಲವು ವಿಧಾನಸಭೆಯ ವಿಶ್ವಾಸವಿರುವವರೆಗೆ ಮಾತ್ರ ಇರತಕ್ಕದ್ದು. ಆಯವ್ಯಯದ ಬೇಡಿಕೆಗಳಿಗೆ ಮತ ಕೊಡುವುದು ವಿಧಾನಸಭೆಯೊಂದೇ. ಧನವಿಧೇಯಕವನ್ನು ಪರಿಷತ್ತು 14 ದಿನಗಳೊಳಗೆ ಹಿಂದಿರುಗಿಸಬೇಕು. ಅದು ಮಾಡಿದ ಸಲಹೆಗಳನ್ನು ಒಪ್ಪುವುದೂ ಬಿಡುವುದೂ ವಿಧಾನಸಭೆಯ ಇಚ್ಛೆ. ಉಳಿದ ವಿಧೇಯಕಗಳನ್ನು ಪರಿಷತ್ತು ಕೆಲವು ತಿಂಗಳು ತಡಮಾಡಬಹುದಲ್ಲದೆ ಅಳಿಸಲಾರದು. ಪರಿಷತ್ತಿನ ಸದಸ್ಯರಲ್ಲಿ 25 ಮಂದಿಯನ್ನು ಆರಿಸುವವರೂ ವಿಧಾನಸಭೆಯ ಸದಸ್ಯರೇ.

ವಿಧಾನಸಭೆಯ ಅವಧಿಯು ಐದು ವರ್ಷ, ನಡುವೆ ವಿಸರ್ಜನೆಯಾಗಲೂಬಹುದು. ಒಂದು ಅಧಿವೇಶನದ ಕೊನೆಯ ದಿನಕ್ಕೂ ಮುಂದಿನದರ ಮೊದಲ ದಿನಕ್ಕೂ ನಡುವೆ ಆರು ತಿಂಗಳು ಕಳೆಯಬಾರದು. ಅಧಿವೇಶನಗಳು ಬೆಂಗಳೂರಿನ ವಿಧಾನಸೌಧದಲ್ಲಿಯೂ, 2012ರಲ್ಲಿ ಉದ್ಘಾಟನೆಯಾದ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿಯೂ ಸೇರುತ್ತವೆ. ಕಲಾಪ ನಡೆಯಬೇಕಾದರೆ ಹತ್ತರಲ್ಲೊಂದು ಪಾಲು ಸದಸ್ಯರಾದರೂ ಹಾಜರಿರಬೇಕು. 224ಕ್ಕೆ ಅದು 23 ಆಗುತ್ತದೆ. ಸಭೆಯನ್ನು ನಡೆಯಿಸುವವರು ಸಭಾಧ್ಯಕ್ಷರು. ಅವರನ್ನು ಸದಸ್ಯರೇ ತಮ್ಮೊಳಗಿನಿಂದ ಆರಿಸುತ್ತಾರೆ. ಸಾಮಾನ್ಯವಾಗಿ ಅವರು ಮತ ಹಾಕುವುದಿಲ್ಲ. ಎರಡು ಕಡೆಯೂ ಸಮನಾದರೆ ಮಾತ್ರ ನಿರ್ಣಾಯಕ ಮತವನ್ನು ಕೊಡುತ್ತಾರೆ. ಪ್ರತಿನಿಧಿ ಸಭೆಗೆ ದಿವಾನರೇ ಅಧ್ಯಕ್ಷರಾಗಿದ್ದ ಕಾಲದೊಡನೆ ಹೋಲಿಸಿದರೆ ಇದರ ಮಹತ್ತ್ವವು ತಿಳಿಯುತ್ತದೆ. ಆಗ ಉತ್ತರ ಹೇಳಬೇಕಾದವರೇ ಪೀಠದಲ್ಲಿ ಕುಳಿತಿದ್ದರು. ಈಗ ಪೀಠವು ಬೇರೆ, ಉತ್ತರ ಹೇಳುವ ಮಂತ್ರಿಯ ಆಸನವು ಬೇರೆ.

ಚುನಾವಣೆಯ ಕ್ರಮವು ಸರಳವಾದುದು. ರಾಜ್ಯವನ್ನು 224 ಕ್ಷೇತ್ರಗಳಾಗಿ ವಿಭಾಗಿಸಿದೆ. ಒಂದೊಂದು ಕ್ಷೇತ್ರಕ್ಕೆ ಒಬ್ಬರೇ ಸದಸ್ಯರು. ಮೊದಲ ಚುನಾವಣೆಗಳಲ್ಲಿದ್ದ ದ್ವಿಸದಸ್ಯ ಕ್ಷೇತ್ರಗಳನ್ನು 1961ರ ಕಾಯಿದೆಯು ತೆಗೆದುಹಾಕಿತು. ಅಭ್ಯರ್ಥಿಗೆ 25 ವರ್ಷ ತುಂಬಿರಬೇಕು. ಎಲ್ಲರಿಗಿಂತ ಹೆಚ್ಚು ಮತ ಪಡೆದವರು ಗೆದ್ದಂತೆ. ಅರ್ಧಕ್ಕಿಂತ ಹೆಚ್ಚು ಪಡೆಯಲೇಬೇಕೆಂಬ ನಿಯಮವಿಲ್ಲ. ಅವಧಿಯ ನಡುವೆ ಸ್ಥಾನವು ತೆರವಾದರೆ ಉಪಚುನಾವಣೆ. ಇದರ ಎರಡು ನಿದರ್ಶನಗಳು ಈ ಸೀಮೆಯಲ್ಲಿಯೇ ಇವೆ. 2008ರ ಮೇ ತಿಂಗಳಿನಲ್ಲಿ ಮಧುಗಿರಿಯಿಂದ ಆಯ್ಕೆಯಾದ ಸದಸ್ಯರು ರಾಜೀನಾಮೆಯಿತ್ತುದರಿಂದ ಅದೇ ವರ್ಷದ ಡಿಸೆಂಬರಿನಲ್ಲಿ ಉಪಚುನಾವಣೆ ನಡೆದು ಅನಿತಾ ಕುಮಾರಸ್ವಾಮಿಯವರು ಆರಿಸಿ ಬಂದರು. ಶಿರಾದ ಸದಸ್ಯರಾಗಿದ್ದ ಬಿ. ಸತ್ಯನಾರಾಯಣರವರು 2020ರಲ್ಲಿ ನಿಧನರಾದಾಗ ಆ ವರ್ಷ ನವೆಂಬರಿನಲ್ಲಿ ನಡೆದ ಉಪಚುನಾವಣೆಯಲ್ಲಿ ಸಿ. ಎಂ. ರಾಜೇಶ್ ಗೌಡರು ಗೆದ್ದರು.

ತುಮಕೂರು ಜಿಲ್ಲೆಯ 11 ಕ್ಷೇತ್ರಗಳಲ್ಲಿ ಕೊರಟಗೆರೆಯದು 134ನೆಯ ಸಂಖ್ಯೆ, ಶಿರಾದ್ದು 136, ಪಾವಗಡದ್ದು 137, ಮಧುಗಿರಿಯದು 138. ತಾಲೂಕಿನ ಹೆಸರೂ ಕ್ಷೇತ್ರದ ಹೆಸರೂ ಒಂದೇ ಆದುದರಿಂದ ಎರಡರ ಎಲ್ಲೆಯೂ ಒಂದೇ ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ಮಧುಗಿರಿ ತಾಲೂಕಿನ ಪುರವರ ಹೋಬಳಿಯವರು ಮತ ಕೊಡುವುದು ಕೊರಟಗೆರೆ ಕ್ಷೇತ್ರಕ್ಕೆ. ಲೋಕಸಭೆಗಾದರೋ ಮಧುಗಿರಿ ಕೊರಟಗೆರೆಗಳು ತುಮಕೂರಿನೊಡನೆಯೂ, ಶಿರಾ ಪಾವಗಡಗಳು ಚಿತ್ರದುರ್ಗದೊಡನೆಯೂ ಸೇರಿವೆ. ಕ್ಷೇತ್ರದ ಎಲ್ಲೆಯನ್ನು ಹಾಕುವುದು ತಹಶೀಲ್ದಾರರ ಕಚೇರಿಯಲ್ಲ, ಜನಸಂಖ್ಯೆಯನ್ನು ನೋಡಿ ನಿರ್ಣಯಿಸುವ ಪುನರ್ವಿಂಗಡಣಾ ಆಯೋಗ.

ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಆಯೋಗವು 2001ರ ಜನಗಣತಿಯ ಮೇಲೆ ಮಾಡಿದ ವಿಂಗಡಣೆಯು ಕರ್ನಾಟಕದಲ್ಲಿ 2008ರ ಚುನಾವಣೆಯಿಂದ ಜಾರಿಗೆ ಬಂದಿತು. ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರಿಗೆ ಮೀಸಲಾದ ಸ್ಥಾನಗಳು 33ರಿಂದ 36ಕ್ಕೂ, ಪರಿಶಿಷ್ಟ ಪಂಗಡದವರವು 2ರಿಂದ 15ಕ್ಕೂ ಏರಿದವು. ಈ ಸೀಮೆಯಲ್ಲಿ ಶಿರಾ ತಾಲೂಕಿನ ಕಳ್ಳಂಬೆಳ್ಳದ ಹೆಸರಿನಲ್ಲಿದ್ದ ಕ್ಷೇತ್ರವು ಇಲ್ಲವಾಯಿತು. ಮೊದಲೇ ಮೀಸಲಾಗಿದ್ದ ಪಾವಗಡವು ಹಾಗೆಯೇ ಉಳಿಯಿತು. ಮೀಸಲಾಗಿದ್ದ ಮಧುಗಿರಿಯು ಸಾಮಾನ್ಯ ಕ್ಷೇತ್ರವಾಯಿತು. ಸಾಮಾನ್ಯವಾಗಿದ್ದ ಕೊರಟಗೆರೆಯು ಮೀಸಲಾಯಿತು. 1989, 1999 ಮತ್ತು 2004ರಲ್ಲಿ ಮಧುಗಿರಿಯಿಂದ ಗೆದ್ದಿದ್ದ ಜಿ. ಪರಮೇಶ್ವರರವರು 2008ರಲ್ಲಿ ಕೊರಟಗೆರೆಯಿಂದ ನಿಂತು ಗೆದ್ದರು.

ಮೀಸಲಿನ ವಿಷಯದಲ್ಲಿ ಹಳ್ಳಿಗಳ ಕಟ್ಟೆಗಳ ಮೇಲೆ ಒಂದು ತಪ್ಪುತಿಳಿವಳಿಕೆಯು ಇನ್ನೂ ಉಂಟು: ಮೀಸಲು ಕ್ಷೇತ್ರವು ಒಂದು ವರ್ಗದವರ ಕ್ಷೇತ್ರ, ಉಳಿದವರಿಗೆ ಅದರಲ್ಲಿ ಕೆಲಸವಿಲ್ಲವೆಂಬುದಾಗಿ. ಮೀಸಲಾಗಿರುವುದು ಅಭ್ಯರ್ಥಿಯ ಸ್ಥಾನ, ಮತವಲ್ಲ. ಅಲ್ಲಿಯೂ ಎಲ್ಲ ವಯಸ್ಕರೂ ಮತ ಕೊಡುತ್ತಾರೆ. ಗೆದ್ದವರು ಎಲ್ಲರಿಗೂ ಸದಸ್ಯರು. ಶತಮಾನಗಳ ಕಾಲ ಸಭೆಯ ಬಾಗಿಲ ಹೊರಗೆ ನಿಂತವರು ಒಳಗೆ ಬಾರದೆ ಹೋದರೆ ಸಭೆಗೂ ನಾಡಿಗೂ ಸಾದೃಶ್ಯವೆಲ್ಲಿ? ಸಾದೃಶ್ಯವಿಲ್ಲದೆ ಪ್ರತಿನಿಧಿತ್ವವೆಲ್ಲಿ? ಮೀಮಾಂಸಕರ ಮೊದಲನೆಯ ಸೂತ್ರವೇ ಇದಕ್ಕೆ ಸಮಾಧಾನವನ್ನು ಹೇಳುತ್ತದೆ. ವಿಧಾನಸಭೆಗಳಲ್ಲಿಯೂ ಲೋಕಸಭೆಯಲ್ಲಿಯೂ ಮೂರರಲ್ಲೊಂದು ಪಾಲು ಸ್ಥಾನವನ್ನು ಸ್ತ್ರೀಯರಿಗೆ ಮೀಸಲಿಡುವ 2023ರ ಸಂವಿಧಾನ ತಿದ್ದುಪಡಿಯೂ ಇದೇ ನ್ಯಾಯವನ್ನು ಅನುಸರಿಸಿದುದು. ಜನಗಣತಿಯೂ ಅದರ ಮೇಲಣ ಪುನರ್ವಿಂಗಡಣೆಯೂ ಆದ ಬಳಿಕ ಅದು ಜಾರಿಗೆ ಬರತಕ್ಕದ್ದೆಂದು ಆ ತಿದ್ದುಪಡಿಯಲ್ಲಿಯೇ ವಿಧಿಸಿದೆ.

ಎರಡನೆಯ ಸೂತ್ರವು ಮತದಾರನನ್ನು ಕುರಿತದ್ದು. ಸದಸ್ಯನು ಸಭೆಯಲ್ಲಿ ಜನರ ಬದಲು ಮಾತನಾಡಬಹುದು. ಆದರೆ ಮತಗಟ್ಟೆಯಲ್ಲಿ ಮತದಾರನ ಬದಲು ಬೇರೊಬ್ಬನು ನಿಲ್ಲುವಂತಿಲ್ಲ. ಊರಿನ ಗೌಡನು ಹೇಳಿದನೆಂದೋ, ಕುಲದವರು ಕಟ್ಟುಮಾಡಿದರೆಂದೋ, ಹಣ ಬಂದಿತೆಂದೋ ಮತವನ್ನು ಒಪ್ಪಿಸಿದವನು ಯಜಮಾನತ್ವವನ್ನೇ ಒಪ್ಪಿಸಿದಂತೆ. ಅಂಥವನಿಗೂ 1881ರಲ್ಲಿ ಬೋರ್ಡಿನವರು ಯಾರನ್ನು ಕಳುಹಿಸಿದರೆಂದು ತಿಳಿಯದೆ ಹೊಲದಲ್ಲಿದ್ದವನಿಗೂ ವ್ಯತ್ಯಾಸವೇನು? ಮೊದಲಿನವನಿಗೆ ಹಕ್ಕಿರಲಿಲ್ಲ, ಇವನು ಇದ್ದುದನ್ನು ಕಳೆದುಕೊಂಡನು.

ಕೆರೆಗೆ ನೀರು ಬರಬೇಕೆಂಬುದೂ ಕುಡಿಯುವ ನೀರಿನ ದೋಷವು ಹೋಗಬೇಕೆಂಬುದೂ ಈ ನಾಲ್ಕು ತಾಲೂಕುಗಳ ಹಳೆಯ ಬೇಡಿಕೆಗಳು. ಪ್ರತಿನಿಧಿ ಸಭೆಯಲ್ಲಿ ಅಂತಹವು ಬಿನ್ನಹಗಳಾಗಿದ್ದವು. ವಿಧಾನಸಭೆಯಲ್ಲಿ ಅವು ಪ್ರಶ್ನೆಗಳಾಗುತ್ತವೆ, ಮಂತ್ರಿಯು ಉತ್ತರ ಕೊಡಲೇಬೇಕಾಗುತ್ತದೆ, ಆಯವ್ಯಯದಲ್ಲಿ ಮೊತ್ತವಾಗಿ ಕಾಣಿಸಿಕೊಳ್ಳುತ್ತವೆ. ಸದಸ್ಯನು ಯಾವ ಪ್ರಶ್ನೆಯನ್ನು ಕೇಳಿದನು, ಯಾವ ದಿನ ಹಾಜರಿದ್ದನು ಎಂಬುದೆಲ್ಲವೂ ಸಭೆಯ ನಡವಳಿಗಳಲ್ಲಿ ದಾಖಲಾಗುತ್ತದೆ. ಅದನ್ನು ಓದಿಸಿ ಕೇಳುವ ಪದ್ಧತಿಯು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಊರೂರಿನ ವಾಚನಾಲಯಗಳಲ್ಲಿ ಬೆಳೆಯಲಿ. ಹದಿನೆಂಟು ತುಂಬಿದ ಹುಡುಗ ಹುಡುಗಿಯರ ಹೆಸರು ಮತದಾರರ ಪಟ್ಟಿಯಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಮನೆಯ ಹಿರಿಯರು ಚುನಾವಣೆ ಬರುವ ಮುಂಚೆಯೇ ನೋಡಿಕೊಳ್ಳಲಿ.