ಅರಬಿ ಅಂದ್ರ ಅರಬ್ಬರದಲ್ರೀ! (ಊರ ಮಾತು, ಭಾಗ 6)

ಫೋಟೋದಾಗ ಇರೋದು ಬೆಟಗೇರಿಯ ನಮ್ಮಜ್ಜಿ ಮನಿ ಮಗ್ಗ. ಕಥಿ ಶುರುವಾಗಿದ್ದು ಮಾತ್ರ ನಮ್ಮ ಕ್ಲಾಸಿನ ಗ್ರೂಪಿನಾಗ.

"ಅರಬಿ ಒಗಿಯೋದೈತಿ, ಆಮ್ಯಾಲ ಬರ್ತೀನಿ" ಅಂತ ಹಾಕಿದ್ದೆ. ಗೆಳೆಯನೊಬ್ಬ ಬರೆದ: "ಅದು ಅರಬ್ಬರ ಶಬ್ದ ಲೇ. ಕನ್ನಡದಾಗ ಬಟ್ಟೆ ಅನ್ನು." ಮ್ಯಾಲ ಒಂದು ಹತ್ತು ನಗೋ ಇಮೋಜಿ. ಖರೇ ಹೇಳ್ತೀನಿ, ನಾಚಿಕಿ ಬಂತು. ಮರುದಿನ ಜವಳಿ ವ್ಯಾಪಾರದ ಮ್ಯಾಲ ಸೆಮಿನಾರ್ ಇತ್ತು, ಒಂದ್ ಸಲಾನೂ ಅರಬಿ ಅನ್ನಲಿಲ್ಲ. ಜೀವನಪೂರ್ತಿ ಮಗ್ಗದ ಮುಂದ ಕುಂತ ಅಜ್ಜಿ ಬಾಯಾಗ ಬ್ಯಾರೆ ಶಬ್ದಾನೇ ಇಲ್ಲ!

ಆಮೇಲೆ ಹುಡುಕಿದೆ. ಪರದೇಶದವರ ಹೆಸರು ಹೊತ್ತ ಮಾತು ನಮ್ಮಲ್ಲಿ ಇರೋದು ನಿಜ. ಮೈಸೂರು ಕಡೆ ಪಪ್ಪಾಯಿಗೆ ಪರಂಗಿ ಹಣ್ಣು ಅಂತಾರ. ಪರಂಗಿ ಅಂದ್ರ ಮೂಲದಾಗ ಫ್ರಾಂಕ್, ಫ್ರಾನ್ಸಿಗೆ ಹೆಸರು ಕೊಟ್ಟ ಜನಾಂಗ. 1096ರಿಂದ ಜೆರುಸಲೇಮಿನ ಕಡೆ ಯುದ್ಧಕ್ಕೆ ಬಂದ ಪಶ್ಚಿಮ ಯುರೋಪಿನವರನ್ನೆಲ್ಲ ಅರಬ್ಬರು ಒಂದೇ ಹೆಸರಿನಿಂದ 'ಫರಂಜ್' ಅಂತ ಕರೆದರು. ಪಾರ್ಸಿ ಭಾಷೆ ಹಾದು ಆ ಶಬ್ದ ನಮ್ಮ ಕಡೆ ಬಂತು, 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರಿಗೂ ಅಂಟಿಕೊಂಡಿತು. ಹಡಗಿನವರ ಕಾಲದಾಗ ಬಂದ ಹಣ್ಣಿಗೂ ಅದೇ ಹೆಸರು. ಆದ್ರ ಆ ಗಿಡದ ತವರು ಮಧ್ಯ ಅಮೆರಿಕ! ಹಳೇ ಫ್ರಾಂಕರು ಅದರ ಬೀಜಾನೂ ಕಂಡಿರಲಿಲ್ಲ.

ರೋಗದ ಕಥಿ ಇನ್ನೂ ವಿಚಿತ್ರ. 16ನೇ ಶತಮಾನದ ಆಯುರ್ವೇದ ಗ್ರಂಥ 'ಭಾವಪ್ರಕಾಶ' ಸಿಫಿಲಿಸ್‌ಗೆ 'ಫಿರಂಗ ರೋಗ' ಅಂದಿತು. ಇಟಲಿಯವರು ಅದನ್ನೇ ಫ್ರೆಂಚ್ ರೋಗ ಅಂದ್ರು, ಫ್ರೆಂಚರು ನೇಪಲ್ಸಿನ ರೋಗ ಅಂದ್ರು, ರಷ್ಯದವರು ಪೋಲೆಂಡಿನವರ ತಲಿಗೆ ಕಟ್ಟಿದ್ರು. ಯಾರಿಗೂ ತಮ್ಮದು ಅನ್ನಿಸಿಕೊಳ್ಳೋದು ಬ್ಯಾಡಾಗಿತ್ತು.

ಈಗ ಅರಬಿ. ಇದಕ್ಕೂ ಅರಬಸ್ತಾನಕ್ಕೂ ಏನೂ ಸಂಬಂಧ ಇಲ್ಲ. ಹಳಗನ್ನಡದಾಗ ಅಱುವೆ, ಆಮೇಲೆ ಅರಿವೆ, ನಮ್ಮ ಬಾಯಾಗ 'ವ' ಹೋಗಿ 'ಬ' ಆಗಿ ಅರಿಬಿ, ಅರಬಿ. 'ಅಱು' ಅಂದ್ರ ಕತ್ತರಿಸು, ಕತ್ತರಿಸಿದ್ದು ಅಱುವೆ. ತಮಿಳಿನ ಅಱುವೈ ಇದರ ಒಡಹುಟ್ಟು. ಸಂಗಂ ಕಾಲದ ಒಬ್ಬ ಕವಿಯ ಹೆಸರೇ ಮದುರೈ ಅಱುವೈ ವಾಣಿಗನ್ ಇಳವೇಟ್ಟನಾರ್, ಅಂದ್ರ ಮದುರೈ ಅರಬಿ ಅಂಗಡಿ ಸಾಹುಕಾರ. ಬಿಕಾಂನವರಿಗೆ ಇದಕ್ಕಿಂತ ಹತ್ತಿರದ ಕವಿ ಯಾರು?

ಇನ್ನೊಂದು ಮಾತು. ನಮ್ಮ ಲಕ್ಷ್ಮೇಶ್ವರ ಅಂದ್ರ ಹಳೇ ಪುಲಿಗೆರೆ. 9ನೇ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಇರೋ ಊರುಗಳ ಪಟ್ಟಿಯಾಗ ಅದನ್ನ ಹೆಸರಿಸ್ತದ. 941ರಲ್ಲಿ ಪಂಪನೂ ತನ್ನದು ಪುಲಿಗೆರೆಯ ತಿರುಳ್ಗನ್ನಡ ಅಂದ. ಆ ಕಾಲದ ಕಾವ್ಯದಾಗ 'ಬಟ್ಟೆ' ಅಂದ್ರ ದಾರಿ ಗೊತ್ತೇನ? ಪಂಪನಿಗೆ "ಬಟ್ಟೆ ಒಗಿ" ಅಂದಿದ್ರ ರೋಡ್ ಹ್ಯಾಂಗ ಒಗಿಯೋದು ಅಂತ ಕೇಳ್ತಿದ್ನೋ ಏನೋ.

ಇಷ್ಟನ್ನೂ ಗ್ರೂಪಿಗೆ ಹಾಕಿದೆ. ಗೆಳೆಯ "ಆತ್ ಬಿಡಪಾ" ಅಂದ. ಅಜ್ಜಿಗೂ ಓದಿ ಹೇಳಿದೆ. "ಅದಕ್ಕ ಪುಸ್ತಕ ಯಾಕ ನೋಡ್ಬೇಕಿತ್ತು, ನನ್ನ ಕೇಳಿದ್ರ ಆಗ್ತಿರ್ಲಿಲ್ಲೇನ?" ಅಂದ್ಲು.

ಭಾಗ 7: ನಾವು ಚಿಮಣಿ ಎಣ್ಣಿ ಅನ್ನೋದಕ್ಕ ಮೈಸೂರಿನವರು 'ಸೀಮೆ' ಎಣ್ಣೆ ಅಂತಾರಲ್ಲ, ಅದು ಯಾವ ಸೀಮಿ?