ಜಪಾನೀಯರ ಉಡುಗೆ

ಜಪಾನೆಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಒಂದುಂಟು. ಹಿಂದೆ ಹಿಮ ಕವಿದ ಫೂಜಿ ಪರ್ವತ, ಮುಂದೆ ಹೂವು ಬಿಟ್ಟ ಚೆರ್ರಿ ಮರ, ಮರದ ಕೆಳಗೆ ಕಿಮೋನೋ ತೊಟ್ಟು ಕೊಡೆ ಹಿಡಿದು ನಿಂತ ತರುಣಿ. ಬೀಸಣಿಗೆಗಳೂ ಪಂಚಾಂಗದ ಪಟಗಳೂ ಇದನ್ನು ಸಾವಿರ ಸಲ ನಮಗೆ ತೋರಿಸಿವೆ. ಇದನ್ನು ಕಂಡವರು ಆ ಉಡುಪು ಅನಾದಿಯಿಂದ ಹಾಗೆಯೇ ಇದ್ದಿತೆಂದು ನಂಬಿದರೆ ಆಶ್ಚರ್ಯವಿಲ್ಲ. ಆದರೆ ಚರಿತ್ರೆ ಹೇಳುವುದು ಬೇರೆ. ಇಂದು ನಾವು ಕಿಮೋನೋ ಎಂದು ಕರೆಯುವುದು ಒಂದು ಕಾಲಕ್ಕೆ ಶ್ರೀಮಂತರ ಒಳ ಅಂಗಿಯಾಗಿತ್ತು. ಅದು ಒಂದು ಜನಾಂಗದ ಗುರುತೆಂಬ ಭಾವನೆ ಬಲಿತದ್ದಾದರೋ, ಆ ಜನಾಂಗದ ಗಂಡಸರು ಅದನ್ನು ಬಿಡತೊಡಗಿದ ಮೇಲೆ.

ಹೆಸರಿನಲ್ಲಿ ವಿಶೇಷವೇನೂ ಇಲ್ಲ. ‘ಕಿ’ ಎಂದರೆ ತೊಡುವುದು, ‘ಮೋನೋ’ ಎಂದರೆ ವಸ್ತು. ತೊಡುವ ವಸ್ತು, ಅಷ್ಟೆ. ಕನ್ನಡದಲ್ಲಿ ನಾವು ಉಡುವುದು ಬೇರೆ, ತೊಡುವುದು ಬೇರೆ. ಸೀರೆಯನ್ನು ಉಡುತ್ತೇವೆ, ಅಂಗಿಯನ್ನು ತೊಡುತ್ತೇವೆ. ಕಿಮೋನೋವಿಗೆ ತೋಳುಂಟಾದ್ದರಿಂದ ಅದು ತೊಡಿಗೆ. ಆದರೆ ಗುಂಡಿಯಿಲ್ಲದೆ, ಮೈಸುತ್ತ ಮಡಿಸಿ, ‘ಒಬಿ’ ಎಂಬ ನಡುಪಟ್ಟಿಯಿಂದ ಬಿಗಿಯುವುದರಿಂದ ಉಡಿಗೆಯೂ ಹೌದು. ಈ ಎರಡರ ನಡುವಣ ಸ್ಥಾನವೇ ಅದರ ಗುಣವೆಂದು ನನಗೆ ತೋರುತ್ತದೆ.

ಎಂಟನೆಯ ಶತಮಾನದಲ್ಲಿ ಜಪಾನಿನ ರಾಜಧಾನಿ ನಾರಾ ನಗರ. ಆಗ ಚೀನದ ತಾಂಗ್ ಸಾಮ್ರಾಜ್ಯದ ವೈಭವ ನೆರೆಯವರನ್ನೆಲ್ಲ ಬೆರಗುಗೊಳಿಸಿತ್ತು. ಲಿಪಿ, ಧರ್ಮ, ನಗರನಿರ್ಮಾಣ, ರಾಜ್ಯಶಾಸನ ಇವುಗಳೊಡನೆ ಉಡುಪೂ ಅಲ್ಲಿಂದಲೇ ಬಂದಿತು. ಕ್ರಿ. ಶ. 719ರಲ್ಲಿ ಹೊರಟ ಒಂದು ರಾಜಾಜ್ಞೆಯ ಪ್ರಕಾರ ಎಲ್ಲರೂ ನಿಲುವಂಗಿಯ ಎಡಸೆರಗನ್ನು ಬಲಸೆರಗಿನ ಮೇಲೆ ತರತಕ್ಕದ್ದು. ಚೀನೀಯರ ರೂಢಿ ಹಾಗಿದ್ದಿತು. ಈ ನಿಯಮ ಸಾವಿರದ ಮುನ್ನೂರು ವರ್ಷಗಳಾದರೂ ಅಳಿದಿಲ್ಲ. ಬಲವನ್ನು ಎಡದ ಮೇಲೆ ತರುವುದು ಶವಕ್ಕೆ ಮಾತ್ರ. ಅರಿಯದ ಪ್ರವಾಸಿಗಳು ಹಾಗೆ ಉಟ್ಟುಕೊಂಡರೆ ಕಂಡವರು ಗಾಬರಿಯಾಗಿ ಸರಿಪಡಿಸುವುದುಂಟು. ಜಪಾನೀ ಉಡುಪಿನಲ್ಲಿ ಎಲ್ಲಕ್ಕಿಂತ ಹಳೆಯದಾದ ಈ ಕಟ್ಟಳೆ ಪರದೇಶದಿಂದ ತಂದದ್ದೆಂಬುದನ್ನು ಗಮನಿಸಬೇಕು.

894ರಲ್ಲಿ ಚೀನಕ್ಕೆ ರಾಯಭಾರಿಗಳನ್ನು ಕಳುಹಿಸುವುದು ನಿಂತಿತು. ಆ ಬಳಿಕ ಕ್ಯೋತೋ ನಗರದ ಅರಮನೆಯಲ್ಲಿ, ಹೆಯಾನ್ ಯುಗವೆಂಬ ಕಾಲದಲ್ಲಿ, ಉಡುಪು ತನ್ನದೇ ಹಾದಿ ಹಿಡಿಯಿತು. ಅಂತಃಪುರದ ಸ್ತ್ರೀಯರು ಒಂದರ ಮೇಲೊಂದು ರೇಷ್ಮೆಯ ನಿಲುವಂಗಿಗಳನ್ನು ತೊಡುತ್ತಿದ್ದರು. ಇದಕ್ಕೆ ಮುಂದೆ ‘ಹನ್ನೆರಡು ಪದರ’ ಎಂಬರ್ಥದ ಹೆಸರು ಬಂದಿತಾದರೂ ಪದರಗಳು ಹನ್ನೆರಡೇ ಇರಬೇಕೆಂಬ ನಿಯಮವಿರಲಿಲ್ಲ. ನೇಯ್ಗೆಯ ಚಿತ್ರಕ್ಕಿಂತ ಬಣ್ಣಗಳ ಜೋಡಣೆಯೇ ಅಲ್ಲಿ ಮುಖ್ಯ. ತೋಳಿನ ಅಂಚಿನಲ್ಲಿ ಪದರಪದರವಾಗಿ ಕಾಣುವ ವರ್ಣಗಳ ಮೇಳಕ್ಕೆ ಆಯಾ ಋತುವಿನ ಹೂವು ಎಲೆಗಳ ಹೆಸರಿತ್ತು. ಋತು ತಪ್ಪಿ ತೊಟ್ಟವಳು ನಗೆಗೀಡಾಗುತ್ತಿದ್ದಳು. ಕುಲೀನ ಸ್ತ್ರೀಯರು ಪರಪುರುಷರಿಗೆ ಮುಖ ತೋರುವ ಹಾಗಿಲ್ಲ. ತೆರೆಯ ಕೆಳಗಿನಿಂದ ಹೊರಚಾಚಿದ ತೋಳಿನ ಅಂಚನ್ನು ಕಂಡೇ ಅವರ ಅಭಿರುಚಿಯನ್ನು ಅಳೆಯಬೇಕು. ಹನ್ನೊಂದನೆಯ ಶತಮಾನದ ಆದಿಯಲ್ಲಿ ಮುರಾಸಾಕಿ ಶಿಕಿಬು ಎಂಬ ವಿದುಷಿ ಬರೆದ ‘ಗೆಂಜಿಯ ಕಥೆ’ಯಲ್ಲಿ ನಾಯಕನು ಹೊಸ ವರ್ಷಕ್ಕೆಂದು ತನ್ನ ಪ್ರಿಯೆಯರಿಗೆ ಒಂದೊಂದು ಉಡುಪನ್ನು ಆರಿಸುತ್ತಾನೆ. ಪಕ್ಕದಲ್ಲಿ ಕುಳಿತ ಪತ್ನಿ ತಾನೆಂದೂ ನೋಡದ ಆ ಸವತಿಯರ ರೂಪವನ್ನು ಬಟ್ಟೆಗಳಿಂದಲೇ ಊಹಿಸಲು ಯತ್ನಿಸುತ್ತಾಳೆ. ಬಟ್ಟೆಯನ್ನು ಕುರಿತು ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಸಮಾಜ ಅಪರೂಪ.

ಈ ಪದರಗಳೆಲ್ಲದರ ಅಡಿಯಲ್ಲಿ, ಮೈಗೆ ತಾಗಿ, ‘ಕೊಸೊದೆ’ ಎಂಬ ಬಿಳಿಯ ಅಂಗಿಯಿತ್ತು. ಹೆಸರಿಗೆ ‘ಕಿರುದೋಳು’ ಎಂದರ್ಥ. ಶ್ರೀಮಂತರಿಗೆ ಒಳ ಉಡುಪಾದ ಇಂಥ ಅಂಗಿಯೇ ದುಡಿಯುವ ಜನಕ್ಕೆ ಹೊರ ಉಡುಪು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಅಧಿಕಾರ ಯೋಧರ ಕೈಗೆ ಹೋಯಿತು. 1467ರಿಂದ 1477ರ ವರೆಗಿನ ಓನಿನ್ ಯುದ್ಧದಲ್ಲಿ ಕ್ಯೋತೋ ನಗರವೇ ಸುಟ್ಟಿತು. ಅರಮನೆಯ ಬಡತನದೊಡನೆ ಪದರಗಳೂ ಕಳಚಿದವು. ಕೊನೆಗೆ ಒಳಗಿದ್ದ ಕಿರುದೋಳಿನ ಅಂಗಿ ಬಣ್ಣ ಪಡೆದು ಹೊರಗೆ ಬಂದಿತು. ಇಂದಿನ ಕಿಮೋನೋ ಅದರ ಸಂತಾನ. ಉಡುಪಿನ ವಿಷಯದಲ್ಲಿ ಕೆಳಗಿನವರು ಮೇಲಿನವರನ್ನು ಅನುಕರಿಸುತ್ತಾರೆಂದು ಹೇಳುವುದುಂಟು. ಇಲ್ಲಿ ಮೇಲಿನವರೇ ಇಳಿದು ಬಂದರು.

ಅದನ್ನು ಹೊಲಿಯುವ ಕ್ರಮವನ್ನು ಸ್ವಲ್ಪ ನೋಡೋಣ. ಸುಮಾರು ಹದಿನಾಲ್ಕು ಅಂಗುಲ ಅಗಲ, ಹದಿಮೂರು ಗಜ ಉದ್ದದ ಒಂದು ಥಾನು ಬಟ್ಟೆ. ಅದನ್ನು ನೇರವಾಗಿ ಕತ್ತರಿಸಿ, ಮೈಗೆ ಎರಡು, ತೋಳಿಗೆ ಎರಡು, ಮುಂಭಾಗದ ಸೆರಗಿಗೆ ಎರಡು, ಕೊರಳಪಟ್ಟಿಗೆ ಎರಡು, ಹೀಗೆ ಎಂಟು ತುಂಡು ಮಾಡುತ್ತಾರೆ. ಕತ್ತರಿ ಬಾಗುವುದಿಲ್ಲ, ಚೂರೂ ವ್ಯರ್ಥವಾಗುವುದಿಲ್ಲ. ಮೈಯ ಅಳತೆಗೆ ಬಟ್ಟೆಯನ್ನು ಕೊಯ್ಯುವ ಯೂರೋಪಿನ ದರ್ಜಿಯ ವಿದ್ಯೆಗೆ ಇದು ವಿರುದ್ಧ. ಹೆಚ್ಚಿನದನ್ನು ಒಳಗೆ ಮಡಿಸಿ ಹೊಲಿಯುವುದರಿಂದ ಮಗಳು ಬೆಳೆದಂತೆ ಬಿಚ್ಚಿ ದೊಡ್ಡದು ಮಾಡಬಹುದು. ಒಗೆಯಬೇಕಾದಾಗ ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡುಗಳನ್ನು ತೊಳೆದು, ಗಂಜಿ ಹಾಕಿ, ಹಲಗೆಯ ಮೇಲೆ ಎಳೆದು ಒಣಗಿಸಿ, ಮತ್ತೆ ಹೊಲಿಯುತ್ತಿದ್ದರು. ಅಜ್ಜಿಯ ಉಡುಪು ಮೊಮ್ಮಗಳದಾಗಿ, ಹಳತಾದಾಗ ಮಗುವಿನ ಅಂಗಿಯಾಗಿ, ಕಟ್ಟಕಡೆಗೆ ನೆಲ ಒರೆಸುವ ಬಟ್ಟೆಯಾಗುತ್ತಿತ್ತು. ಹಳೆಯ ಸೀರೆ ಕೌದಿಯಾಗುವುದನ್ನು ಕಂಡ ನಮಗೆ ಇದು ಅಪರಿಚಿತವಲ್ಲ. ಈ ಬಿಚ್ಚುವ, ಒಗೆಯುವ, ಹೊಲಿಯುವ ಕೆಲಸವೆಲ್ಲ ಮನೆಯ ಹೆಂಗಸರ ಪಾಲಿಗೆ ಬಂದದ್ದೆಂದು ಬೇರೆ ಹೇಳಬೇಕಾಗಿಲ್ಲ.

ಬಟ್ಟೆಯ ಮಾತು ಬಂದುದರಿಂದ ಭಾರತದ ಸಂಬಂಧವನ್ನೂ ಹೇಳಿಬಿಡುತ್ತೇನೆ. 799ರಲ್ಲಿ ಮಿಕಾವಾ ಪ್ರಾಂತ್ಯದ ಕರಾವಳಿಗೆ ಸಣ್ಣ ದೋಣಿಯೊಂದರಲ್ಲಿ ಒಬ್ಬ ಪರದೇಶಿ ತೇಲಿಬಂದನೆಂದೂ, ತಾನು ತೆಂಜಿಕು ಅಂದರೆ ಭಾರತದವನೆಂದು ಆಮೇಲೆ ಹೇಳಿದನೆಂದೂ, ಅವನ ಬಳಿ ಹತ್ತಿಯ ಬೀಜವಿತ್ತೆಂದೂ ಜಪಾನಿನ ಹಳೆಯ ರಾಜವೃತ್ತಾಂತ ತಿಳಿಸುತ್ತದೆ. ಬೀಜವನ್ನು ಹಲವೆಡೆ ಬಿತ್ತಿಸಿದರೂ ಬೆಳೆ ನೆಲೆಗೊಳ್ಳಲಿಲ್ಲ. ಹತ್ತಿ ಅಲ್ಲಿ ಬೇರೂರಿದ್ದು ಹದಿನೈದು ಹದಿನಾರನೆಯ ಶತಮಾನಗಳಲ್ಲಿ. ಅದುವರೆಗೆ ಬಡವರು ಚಳಿಗಾಲವನ್ನೂ ನಾರುಬಟ್ಟೆಯಲ್ಲೇ ಕಳೆಯಬೇಕಾಗಿತ್ತು. ಮುಂದೆ ಪೋರ್ತುಗೀಜರೂ ಡಚ್ಚರೂ ನಮ್ಮ ಚೋಳಮಂಡಲ ತೀರದಿಂದ ಚೀಟಿಯ ಬಟ್ಟೆಗಳನ್ನೂ ಪಟ್ಟೆಯ ಬಟ್ಟೆಗಳನ್ನೂ ಒಯ್ದರು. ಒಂದು ಬಗೆಯ ಪಟ್ಟೆಗೆ ಜಪಾನೀಯರು ‘ಸಾನ್‌ತೊಮೆ’ ಎಂದು ಹೆಸರಿಟ್ಟರು. ಮದರಾಸಿನ ಮೈಲಾಪುರದ ಬಳಿಯ ಸಾಂತೋಮ್ ಎಂಬ ಊರಿನ ಹೆಸರೇ ಅದು.

1603ರಲ್ಲಿ ತೊಕುಗಾವಾ ಮನೆತನದ ಆಳ್ವಿಕೆ ಆರಂಭವಾಗಿ ದೇಶದಲ್ಲಿ ಎರಡೂವರೆ ಶತಮಾನ ಶಾಂತಿ ನೆಲಸಿತು. ಯೋಧ, ರೈತ, ಕುಶಲಕರ್ಮಿ, ವರ್ತಕ ಎಂಬ ಶ್ರೇಣಿಯಲ್ಲಿ ವರ್ತಕ ಕೊನೆಯವನು. ಹಣವಾದರೋ ಅವನಲ್ಲೇ ಸೇರಿತು. 1681ರಲ್ಲಿ ಎದೋ ನಗರದ ಒಬ್ಬ ವರ್ತಕನ ಪತ್ನಿ ಶೋಗುನ್ ತ್ಸುನಯೋಶಿಯ ಸವಾರಿಯ ದಾರಿಯಲ್ಲಿ ಅತಿ ಬೆಡಗಿನಿಂದ ಅಲಂಕರಿಸಿಕೊಂಡು ನಿಂತಳು. ಫಲವಾಗಿ ಆ ಮನೆಯವರ ಆಸ್ತಿ ಜಪ್ತಿಯಾಯಿತು. ಅವರಿಗೆ ನಗರದಿಂದ ಗಡೀಪಾರೂ ಆಯಿತು. ಎರಡು ವರ್ಷಗಳ ಮೇಲೆ, 1683ರಲ್ಲಿ, ಜರಿಯ ಬಟ್ಟೆ, ಕಸೂತಿ, ಇಡೀ ಬಟ್ಟೆಯನ್ನು ಗಂಟುಕಟ್ಟಿ ಬಣ್ಣ ಹಾಕುವ ಕೆಲಸ ಇವು ಹೆಂಗಸರ ಉಡುಪಿಗೆ ನಿಷಿದ್ಧವಾದವು. ಇಂಥ ಆಜ್ಞೆಗಳು ಮೇಲಿಂದ ಮೇಲೆ ಹೊರಟವು. ಹಾಗೆ ಹೊರಡಬೇಕಾಗಿ ಬಂದುದೇ ಅವುಗಳನ್ನು ಯಾರೂ ಪೂರ್ತಿ ಪಾಲಿಸಲಿಲ್ಲವೆಂಬುದಕ್ಕೆ ಸಾಕ್ಷಿ.

ಆದರೂ ಅವುಗಳಿಂದ ಒಂದು ಪರಿಣಾಮವಾಯಿತು. ಶಾಸನ ಹೊರಮೈಯನ್ನು ನೋಡೀತು, ಒಳಮೈಯನ್ನಲ್ಲ. ವರ್ತಕನು ಹೊರಗೆ ಬೂದಿಬಣ್ಣದ ಸಾದಾ ಅಂಗಿ ತೊಟ್ಟು ಒಳಗಣ ಅಸ್ತರಿಗೆ ಶ್ರೇಷ್ಠ ರೇಷ್ಮೆಯನ್ನು ಹಾಕಿಸಿದನು. ಕಂದು ಬೂದಿಗಳಲ್ಲೇ ಅಸಂಖ್ಯ ಛಾಯೆಗಳು ಹುಟ್ಟಿದವು. ಮುಚ್ಚಿಟ್ಟ ಚೆಲುವೇ ಚೆಲುವೆಂಬ ರಸಿಕತೆಗೆ ‘ಇಕಿ’ ಎಂಬ ಹೆಸರಾಯಿತು. ಕಸೂತಿ ಕೂಡದೆಂದಾಗ ಅಂಟಿನಿಂದ ಗೆರೆ ಕಟ್ಟಿ ಕುಂಚದಿಂದ ಬಣ್ಣ ತುಂಬುವ ಕಲೆ ಬೆಳೆಯಿತು. ಕ್ಯೋತೋವಿನ ಬೀಸಣಿಗೆಯ ಚಿತ್ರಗಾರ ಮಿಯಾಜಾಕಿ ಯೂಜೆನನ ಹೆಸರೇ ಅದಕ್ಕೆ ಇಂದಿಗೂ ನಿಂತಿದೆ. ಜಪಾನೀಯರ ಮಿತರುಚಿಯನ್ನು ಅವರ ಸ್ವಭಾವವೆಂದು ಹೊಗಳುವವರು, ಅದರಲ್ಲಿ ಪೋಲೀಸಿನ ಭಯವೂ ಒಂದಿಷ್ಟು ಬೆರೆತಿತ್ತೆಂಬುದನ್ನು ಮರೆಯಬಾರದು.

1868ರಲ್ಲಿ ಮೆಯಿಜಿ ಚಕ್ರವರ್ತಿಯ ಆಳ್ವಿಕೆಯೊಡನೆ ಪಾಶ್ಚಾತ್ಯರ ಸಮಕ್ಕೆ ನಿಲ್ಲಬೇಕೆಂಬ ಛಲ ಹುಟ್ಟಿತು. 1871ರಲ್ಲಿ ಗಂಡಸರಿಗೆ ಜುಟ್ಟು ಕತ್ತರಿಸಲು ಅನುಮತಿ ದೊರೆಯಿತು. ಅದೇ ವರ್ಷ ಚಕ್ರವರ್ತಿಯ ಆದೇಶವೊಂದು, ಆಸ್ಥಾನದ ಉಡುಪು ತಾಂಗ್ ಚೀನದ ಅನುಕರಣೆಯೆಂದೂ, ದೌರ್ಬಲ್ಯವನ್ನು ತೋರುವುದೆಂದೂ, ಆದಿಪುರುಷನಾದ ಜಿಮ್ಮು ಚಕ್ರವರ್ತಿ ಹೀಗೆ ಉಡುತ್ತಿರಲಿಲ್ಲವೆಂದೂ ಸಾರಿತು. 1872ರಲ್ಲಿ ಅಧಿಕಾರಿಗಳ ವಿಧ್ಯುಕ್ತ ವೇಷ ಕೋಟು ಷರಾಯಿಯಾಯಿತು. ಆ ವರ್ಷವೇ ಅಮೆರಿಕಕ್ಕೆ ಹೋದ ರಾಯಭಾರಿ ಇವಾಕುರಾ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜುಟ್ಟು, ಕಿಮೋನೋ, ಅದರ ಕೆಳಗೆ ಚರ್ಮದ ಬೂಟು, ಪಕ್ಕದಲ್ಲಿ ಎತ್ತರದ ಟೋಪಿ ಇವುಗಳೊಡನೆ ಛಾಯಾಚಿತ್ರಕ್ಕೆ ಕುಳಿತನು; ಷಿಕಾಗೋ ನಗರದಲ್ಲಿ ಜುಟ್ಟನ್ನು ತೆಗೆಸಿದನು.

ಹೆಂಗಸರ ಸಂಗತಿ ಹೀಗಾಗಲಿಲ್ಲ. ಗಂಡಸರಿಗೆ ಕ್ಷೌರ ನಾಗರಿಕತೆಯಾದ ಮರುವರ್ಷ, ಅಂದರೆ 1872ರಲ್ಲಿ, ಹೆಂಗಸರು ಕೂದಲು ಕತ್ತರಿಸಕೂಡದೆಂದು ತೋಕ್ಯೋವಿನಲ್ಲಿ ಆಜ್ಞೆಯಾಯಿತು. 1887ರಲ್ಲಿ ಚಕ್ರವರ್ತಿನಿಯೇ ಒಂದು ಪತ್ರ ಹೊರಡಿಸಿ, ಪ್ರಾಚೀನ ಜಪಾನಿನಲ್ಲಿ ಸ್ತ್ರೀಯರಿಗೆ ಮೇಲಂಗಿಯೂ ಲಂಗವೂ ಇದ್ದುವೆಂದೂ, ಪಾಶ್ಚಾತ್ಯ ಉಡುಪು ಅದನ್ನೇ ಹೋಲುವುದೆಂದೂ, ಅದನ್ನು ಸ್ವದೇಶದ ಬಟ್ಟೆಯಿಂದ ಹೊಲಿಸಿಕೊಳ್ಳಬಹುದೆಂದೂ ವಾದಿಸಿದಳು. ಹೊಸದನ್ನು ತರಲು ದಂಪತಿಗಳಿಬ್ಬರೂ ಇನ್ನೂ ಹಳೆಯದನ್ನೇ ಸಾಕ್ಷಿಗೆ ಕರೆದರೆಂಬುದು ಸ್ವಾರಸ್ಯ. ಆಸ್ಥಾನದ ಹೊರಗೆ ಆ ಪತ್ರ ಹೆಚ್ಚು ಫಲಿಸಲಿಲ್ಲ. 1925ರ ಬೇಸಗೆಯ ಆರಂಭದಲ್ಲಿ ಕೋನ್ ವಾಜಿರೋ ಎಂಬ ವಿದ್ವಾಂಸನು ತೋಕ್ಯೋವಿನ ಗಿಂಜಾ ಬೀದಿಯಲ್ಲಿ ನಿಂತು ಬಂದುಹೋಗುವವರ ವೇಷವನ್ನು ಎಣಿಸಿದನು. ಗಂಡಸರಲ್ಲಿ ನೂರಕ್ಕೆ 67 ಮಂದಿ ಪಾಶ್ಚಾತ್ಯ ವೇಷದವರು. ಹೆಂಗಸರಲ್ಲಿ ನೂರಕ್ಕೆ ಒಬ್ಬಳು. ಪಂಚೆಯ ಮೇಲೆ ಕೋಟು ತೊಟ್ಟು ಕಚೇರಿಗೆ ಹೋದ ನಮ್ಮ ಹಿಂದಿನ ತಲೆಮಾರಿನವರನ್ನೂ, ಅದೇ ಮನೆಗಳಲ್ಲಿ ಸೀರೆಯ ವಿನಾ ಬೇರೇನನ್ನೂ ಯೋಚಿಸಲಾಗದಿದ್ದ ತಾಯಂದಿರನ್ನೂ ನೆನೆದರೆ ಈ ಎಣಿಕೆ ತೀರ ದೂರದ್ದೆನಿಸದು. ಆಧುನಿಕನಾಗುವ ಕೆಲಸವನ್ನು ಗಂಡಸು ವಹಿಸಿಕೊಂಡನು; ಪುರಾತನವಾಗಿ ಉಳಿಯುವ ಕೆಲಸವನ್ನು ಹೆಂಗಸಿಗೆ ವಹಿಸಿದನು.

ಕಡೆಗೆ ಅವಳಿಂದಲೂ ಅದನ್ನು ಕಳಚಿಸಿದ್ದು ಯುದ್ಧ. 1940ರ ಜುಲೈಯಲ್ಲಿ ಬೆಡಗಿನ ವಸ್ತುಗಳ ತಯಾರಿಕೆ ಮಾರಾಟಗಳು ನಿಷಿದ್ಧವಾಗಿ, ಬೆಡಗೇ ಶತ್ರುವೆಂಬ ಘೋಷಣೆ ಬೀದಿಗೆ ಬಂದಿತು. ಹೆಂಗಸರು ಹಳೆಯ ಉಡುಪನ್ನು ಕತ್ತರಿಸಿ, ಹೊಲದ ಕೆಲಸದ ‘ಮೊಂಪೆ’ ಎಂಬ ಸಡಿಲ ಷರಾಯಿಯಾಗಿ ಹೊಲಿದುಕೊಂಡರು. 1945ರ ಸೋಲಿನ ನಂತರ ನಗರಗಳಲ್ಲಿ ಅನ್ನವಿಲ್ಲ. ಪೆಟ್ಟಿಗೆಯಲ್ಲುಳಿದಿದ್ದ ಮದುವೆಯ ರೇಷ್ಮೆಗಳನ್ನು ಹೊತ್ತು ಗೃಹಿಣಿಯರು ಕಿಕ್ಕಿರಿದ ರೈಲಿನಲ್ಲಿ ಹಳ್ಳಿಗಳಿಗೆ ಹೋಗಿ, ರೈತರಿಗೆ ಕೊಟ್ಟು ಅಕ್ಕಿ ಗೆಣಸು ತಂದರು. ಬಿದಿರಿನ ಕಳಲೆಯನ್ನು ಸುಲಿದಂತೆ ಒಂದೊಂದೇ ಪದರ ಕಳಚಿ ಬದುಕುವುದೆಂದು ಆ ಕಾಲಕ್ಕೆ ‘ಕಳಲೆಯ ಬಾಳು’ ಎಂಬ ಹೆಸರಾಯಿತು.

ಶಾಂತಿ ಬಂದ ಮೇಲೆ ನಿತ್ಯದ ಉಡುಪಾಗಿ ಕಿಮೋನೋ ಮರಳಲಿಲ್ಲ. ತಾಯಿಯಿಂದ ಮಗಳು ಕಲಿಯುತ್ತಿದ್ದ ಉಡುವ ಬಗೆಯನ್ನು ಹೇಳಿಕೊಡಲು ಶುಲ್ಕದ ಶಾಲೆಗಳು ತೆರೆದವು. ಪ್ರತಿ ಜನವರಿಯ ಎರಡನೆಯ ಸೋಮವಾರ, ಪ್ರಾಯಕ್ಕೆ ಬಂದವರ ಹಬ್ಬ. ಇನ್ನೂ ಬೆಳಗಾಗದ ಚಳಿಯಲ್ಲಿ ಇಪ್ಪತ್ತು ವರ್ಷದ ಹುಡುಗಿಯರು ಅಲಂಕಾರದ ಅಂಗಡಿಗಳಲ್ಲಿ ಸಾಲಾಗಿ ಕಾದು, ನೀಳದೋಳಿನ ‘ಫುರಿಸೊದೆ’ಯನ್ನು, ಬಹುಮಟ್ಟಿಗೆ ಬಾಡಿಗೆಯದನ್ನು, ಪರರ ಕೈಯಿಂದ ಉಡಿಸಿಕೊಳ್ಳುತ್ತಾರೆ. ಒಬಿ ಬಿಗಿಯುವಾಗ ಉಸಿರು ಹಿಡಿಯುತ್ತಾರೆ. ಎಡಸೆರಗು ಮೇಲೆ, ಬಲಸೆರಗು ಕೆಳಗೆ. ಅವರೊಡನೆ ಸಭಾಭವನಕ್ಕೆ ಬರುವ ಹುಡುಗರಲ್ಲಿ ಹೆಚ್ಚಿನವರ ಮೈಮೇಲಿರುವುದು ಕಪ್ಪು ಕೋಟು, ಷರಾಯಿ.